ಗ್ರಹಣದಲ್ಲಿ ಹಾಕಿದ ಎರಡು ಹೊಲಿಗೆ

ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಸುಲಭ. ಅಳಬಹುದು, ಊಟ ಬಿಡಬಹುದು, ತವರಿಗೆ ಹೋಗುತ್ತೇನೆಂದು ಟ್ರಂಕು ಎಳೆಯಬಹುದು. ಅರ್ಧ ಮಾಡಿದ ತಪ್ಪಿಗೆ ಬೈಸಿಕೊಳ್ಳುವುದು ಮಾತ್ರ ಬಲು ಕಷ್ಟ. ಎದುರು ವಾದಿಸಲೂ ಆಗದು, ಒಪ್ಪಿಕೊಳ್ಳಲೂ ಆಗದು. ನಾನು ಇಪ್ಪತ್ತಮೂರು ವರ್ಷ ಬೈಸಿಕೊಂಡದ್ದು ಇಂಥ ಅರ್ಧ ತಪ್ಪಿಗೆ. ನಿಮ್ಮ ಮುಂದೆ ಮುಚ್ಚುಮರೆಯೇಕೆ? ಮಗಳು ಶೈಲಾ ಹೊಟ್ಟೆಯಲ್ಲಿದ್ದಾಗ, ಸೂರ್ಯಗ್ರಹಣದ ಹೊತ್ತಿನಲ್ಲಿ, ನಾನು ಜಂಪರಿಗೆ ಹುಕ್ಕು ಹೊಲಿದೆ. ಒಂದೇ ಹುಕ್ಕು, ಎರಡೇ ಹೊಲಿಗೆ.

ನಾವು ರಾಯಚೂರು ಕಡೆಯವರು. ಯಜಮಾನರಿಗೆ ಹೈದರಾಬಾದಿನ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ನಾಚಾರಂನಲ್ಲಿ ಬಾಡಿಗೆ ಮನೆ, ಜೊತೆಗೆ ಅತ್ತೆಯವರು. ಆ ದಿನ ಅತ್ತೆ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ನನ್ನನ್ನು ಚಾಪೆಯ ಮೇಲೆ ಮಲಗಿಸಿ, "ಕತ್ತರಿ ಮುಟ್ಟಬ್ಯಾಡ, ಸೂಜಿ ಹಿಡಿಬ್ಯಾಡ, ಬೆರಳು ಮಡಚಬ್ಯಾಡ" ಎಂದು ಅಪ್ಪಣೆ ಕೊಟ್ಟು ಜಪಕ್ಕೆ ಕೂತರು. ಬೆರಳು ಮಡಚದೆ ಎರಡು ತಾಸು ಮಲಗಿ ನೋಡಿ, ಆಗ ತಿಳಿಯುತ್ತದೆ. ಮೂಗು ತುರಿಸಿದರೂ ಸಹಿಸಿಕೊಳ್ಳಬೇಕು. ಬೇಸರ ತಡೆಯಲಾರದೆ ದಿಂಬಿನ ಪಕ್ಕ ಕೈಯಾಡಿಸಿದರೆ, ಸೂಜಿ ಸಿಕ್ಕಿಸಿಟ್ಟ ಜಂಪರು ಸಿಕ್ಕಿತು. ಎರಡನೆಯ ಹೊಲಿಗೆ ಎಳೆಯುವಾಗ ಅತ್ತೆ ಕಣ್ಣು ತೆರೆದರು.

ಮುಂದಿನದು ನೀವು ಊಹಿಸಿದ ಹಾಗೆಯೇ. ಶೈಲಾ ಹುಟ್ಟಿದಾಗ ಎರಡೂ ಪಾದಗಳಲ್ಲಿ ಹೆಬ್ಬೆರಳಿನ ಪಕ್ಕದ ಎರಡು ಬೆರಳು ಅರ್ಧದವರೆಗೆ ಕೂಡಿಕೊಂಡಿದ್ದವು. ನಡುವೆ ಬಾತುಕೋಳಿಯ ಕಾಲಿನಂತೆ ತೆಳು ಚರ್ಮ. ಡಾಕ್ಟರಮ್ಮ ನಕ್ಕು, "ಇದರಿಂದ ಏನೂ ತೊಂದರೆಯಿಲ್ಲ, ನಡೀತಾಳೆ, ಓಡ್ತಾಳೆ. ಮನೆತನದಲ್ಲಿ ಬರುವಂಥದ್ದು, ಒಮ್ಮೊಮ್ಮೆ ಒಂದು ತಲೆಮಾರು ಬಿಟ್ಟೂ ಬರ್ತದೆ" ಎಂದರು. ಅತ್ತೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಒಂದು ಹೊಲಿಗಿ ಎಡಗಾಲಿಗೆ, ಒಂದು ಹೊಲಿಗಿ ಬಲಗಾಲಿಗೆ" ಎಂದು ತೀರ್ಪು ಕೊಟ್ಟೇಬಿಟ್ಟರು. ನಾನು ಬಿ.ಎ. ಓದಿದವಳು, ಇದನ್ನೆಲ್ಲ ನಂಬುವವಳಲ್ಲ. ಆದರೂ ಮೂರನೆಯ ಹೊಲಿಗೆ ಹಾಕಿದ್ದರೆ ಏನು ಗತಿ ಎಂದು ನೆನೆದು ಬೆವೆತದ್ದುಂಟು.

ಮನೆತನದಲ್ಲಿ ಬರುತ್ತದೆ ಎಂದರಲ್ಲ, ಸರಿ, ಮನೆತನವನ್ನೇ ಹುಡುಕೋಣ ಎಂದು ಹೊರಟೆ. ಮದುವೆ ಮುಂಜಿಗಳಲ್ಲಿ ಉಳಿದ ಹೆಂಗಸರು ಸೀರೆ ನೋಡಿದರೆ ನಾನು ಪಾದ ನೋಡುತ್ತಿದ್ದೆ. ನಮ್ಮ ದೊಡ್ಡಪ್ಪನಿಗೆ ನಮಸ್ಕಾರ ಮಾಡಿ, ಬೆರಳು ಎಣಿಸುವವರೆಗೆ ಕಾಲು ಬಿಡದೆ ಹಿಡಿದಿದ್ದಕ್ಕೆ ಅವರು ನನ್ನ ಭಕ್ತಿಗೆ ಕರಗಿ ಕಣ್ಣೊರೆಸಿಕೊಂಡರು. ಎಲ್ಲರ ಬೆರಳೂ ಬಿಡಿಬಿಡಿ. ಯಜಮಾನರದ್ದೂ ಅಷ್ಟೇ. ನೋಡದೆ ಉಳಿದದ್ದು ಅತ್ತೆಯವರ ಪಾದ ಮಾತ್ರ. ಅವರಿಗೆ ಹಿಮ್ಮಡಿ ಒಡೆಯುತ್ತದೆಂದು ವರ್ಷವಿಡೀ, ಮೇ ತಿಂಗಳಲ್ಲೂ, ಮಗನ ಹಳೆಯ ಕಾಲುಚೀಲ. ಹಬ್ಬಕ್ಕೆ ನಮಸ್ಕಾರ ಮಾಡುವಾಗ ನಾನು ಬಗ್ಗುತ್ತಿದ್ದದ್ದೂ ಮೊಣಕಾಲಿನವರೆಗೆ ಮಾತ್ರ, ಸುಳ್ಳು ಯಾಕೆ ಹೇಳಲಿ.

ಶೈಲಾ ಬೆಳೆದಳು, ಓಡಿದಳು, ಊರೆಲ್ಲ ಕಂಪ್ಯೂಟರಿನ ಬೆನ್ನು ಹತ್ತಿದ್ದ ಆ ಕಾಲದಲ್ಲಿ ತಾನೂ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದಳು. ಒಂದು ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು. ನನಗೆ ದಿಗಿಲು ಹತ್ತಿತು. ಬೆರಳಿನ ಭಯವಲ್ಲ, ಅತ್ತೆಯ ಭಯ. ಅವರಿಗೆ ಬರುವ ತೆಲುಗು ಹಿಂದಿ ಅಷ್ಟಕ್ಕಷ್ಟೇ. ಹುಕ್ಕಿನ ಕಥೆಯನ್ನು ಮಾತ್ರ ಎರಡೂ ಭಾಷೆಯಲ್ಲಿ ತಡವರಿಸದೆ ಹೇಳುತ್ತಿದ್ದರು. ಹಾಲಿನವನಿಗೆ ಗೊತ್ತು, ಗ್ಯಾಸಿನವನಿಗೆ ಗೊತ್ತು. ಬೀಗರಾಗುವವರಿಗೆ ಹೇಳದೆ ಬಿಡುತ್ತಾರೆಯೇ?

ಹಿಂದಿನ ದಿನ ಶೈಲಾ ನಮ್ಮಿಬ್ಬರನ್ನೂ ದಿಲ್‌ಸುಖ್‌ನಗರದ ಬ್ಯೂಟಿ ಪಾರ್ಲರಿಗೆ ಎಳೆದುಕೊಂಡು ಹೋದಳು. "ಕಾಲುಚೀಲ ತಗಿಯಂಗಿಲ್ಲ ನೋಡು" ಎಂದು ಷರತ್ತು ಹಾಕಿಯೇ ಅತ್ತೆ ಬಂದದ್ದು. ಆದರೆ ಒರಗುವ ಕುರ್ಚಿ, ತಣ್ಣನೆಯ ಏಸಿ. ಐದೇ ನಿಮಿಷಕ್ಕೆ ಗೊರಕೆ. ಪಾರ್ಲರಿನ ಹುಡುಗಿ ತನ್ನ ಪಾಡಿಗೆ ತಾನು ಕಾಲುಚೀಲ ಎಳೆದು, ಪಾದಗಳನ್ನು ಬಿಸಿನೀರಿನ ಟಬ್ಬಿಗಿಟ್ಟಳು. ಪಕ್ಕದ ಟಬ್ಬಿನಲ್ಲಿ ಶೈಲಾಳ ಪಾದ. ಹುಡುಗಿ ಅಲ್ಲಿ ನೋಡಿದಳು, ಇಲ್ಲಿ ನೋಡಿದಳು. "ಇದ್ದರಿಕೀ ಒಕಟೇ" ಎಂದಳು. ಇಬ್ಬರದೂ ಒಂದೇ ಥರ ಅಂತ.

ನಾನು ಬಗ್ಗಿದೆ, ಈ ಸಲ ಮೊಣಕಾಲಿಗೆ ನಿಲ್ಲಲಿಲ್ಲ. ಅದೇ ಎರಡು ಬೆರಳು, ಅದೇ ತೆಳು ಚರ್ಮ. "ಅತ್ತಿ, ಇದೇನ್ರಿ ಇದು?" ಎಂದೆ. ಸಂತೋಷಕ್ಕೆ ನನ್ನ ದನಿ ನಡುಗುತ್ತಿತ್ತು.

ಅತ್ತೆ ಎಚ್ಚೆತ್ತು ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು, ಸೀರೆಯೆಲ್ಲ ಒದ್ದೆ. "ನಮ್ಮವ್ವ ಗ್ರಹಣದಾಗ ಕೌದಿ ಹೊಲದಿದ್ಲಂತ" ಎಂದರು.

"ಇಡೀ ಕೌದಿ ಹೊಲದ್ರೂ ಇಷ್ಟ, ಒಂದು ಹುಕ್ಕು ಹೊಲದ್ರೂ ಇಷ್ಟ ಏನಜ್ಜಿ?" ಎಂದಳು ಶೈಲಾ.

"ನಮ್ಮತ್ತಿ ನೋಡಿದ್ರ ನಮ್ಮವ್ವನ್ನ ಬೈತಾರಂತ ಮುಚ್ಚಿಕೊಂಡೆ. ಭಾಳ ಸಣ್ಣಾಕಿ ಇದ್ದೆ. ಆಮ್ಯಾಲ ಮುಚ್ಚೋದ ರೂಢಿ ಆತು" ಎಂದರು ಅತ್ತೆ, ಯಾರ ಮುಖವನ್ನೂ ನೋಡದೆ. ಇಪ್ಪತ್ತಮೂರು ವರ್ಷ ನಾನು ಮಸೆದಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಬದಿಗಿಟ್ಟೆ. ಪಾಪ ಅನ್ನಿಸಿತು. ನಾನು ಟವೆಲು ತೆಗೆದುಕೊಂಡು ಅವರ ಪಾದ ಒರೆಸತೊಡಗಿದೆ.

ಶೈಲಾ ಮಾತ್ರ ಬಿಡಲಿಲ್ಲ. "ನೀವು ಮುಚ್ಚಿಕೊಂಡ್ರಿ, ಸರಿ. ಅಮ್ಮನ ಮ್ಯಾಲೆ ಯಾಕ ಹಾಕಿದ್ರಿ? ನಾಳೆ ಬರೋರ ಮುಂದ ನೀವ ಹೇಳ್ಬೇಕು, ಈ ಬೆರಳು ನಮ್ಮ ಕಡೀದು ಅಂತ. ಇಲ್ಲಾಂದ್ರ ನಾನು ಸೀರಿನೂ ಉಡಂಗಿಲ್ಲ, ಚಹಾನೂ ತರಂಗಿಲ್ಲ, ಅವರಿಗೆ ಬರಬ್ಯಾಡ್ರಿ ಅಂತ ನಾನ ಫೋನ್ ಮಾಡ್ತೀನಿ." ಪಾರ್ಲರಿನಲ್ಲಿದ್ದವರೆಲ್ಲ, ಕನ್ನಡ ಬಾರದವರೂ, ತಿರುಗಿ ನೋಡಿದರು.

ಅತ್ತೆ ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕಾಲ ಬಳಿ ಕೂತಿದ್ದ ನನ್ನನ್ನು ನೋಡಿದರು.

"ಹೇಳ್ತೀನವ್ವ, ಬೆರಳು ನಮ್ಮ ಕಡೀದ ಅಂತ ನಾನ ಹೇಳ್ತೀನಿ. ನಿನ್ನ ಈ ಬಾಯಿ ಯಾರ ಕಡೀದು ಅಂತ ಅವರು ಕೇಳಿದ್ರ?"

ಅದಕ್ಕೆ ತಕ್ಕ ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬಾಯಿ ತೆರೆದರೆ ಅದೇ ಸಾಕ್ಷಿಯಾಗುತ್ತದೆಂದು ತುಟಿ ಬಿಗಿಹಿಡಿದು, ಅತ್ತೆಯ ಇನ್ನೊಂದು ಪಾದವನ್ನೂ ಒರೆಸಿದೆ.