ನಾನು ಚರ್ಚಾಕೂಟವನ್ನು ಉದ್ಧಾರ ಮಾಡಿದ್ದು

ಮಾತಾಡುವ ಜನರನ್ನು ಒಂದೆಡೆ ಸೇರಿಸುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ನಂಬಿದ್ದೆ. ನಮ್ಮ ಮಂಗಳೂರಿನ ಸಿಟಿ ಬಸ್ಸಿನಲ್ಲಿ ನಂತೂರಿನಿಂದ ಬಲ್ಮಠದವರೆಗೆ ಬಂದವರಿಗೆ ಗೊತ್ತು. ಕುಳಿತವರೂ ಮಾತಾಡುತ್ತಾರೆ, ನೇತಾಡುವವರೂ ಮಾತಾಡುತ್ತಾರೆ, ಕಂಡಕ್ಟರನಂತೂ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಮಾತಾಡುತ್ತಾನೆ. ಇಂಥ ಊರಿನಲ್ಲಿ ಒಂದು ಚರ್ಚಾಕೂಟ ಜನವಿಲ್ಲದೆ ಸಾಯುವುದೆಂದರೆ ಊರಿಗೇ ಅವಮಾನ. ಆ ಅವಮಾನವನ್ನು ತಪ್ಪಿಸುವ ಹೊಣೆಯನ್ನು ನಾನು ಹೊತ್ತೆ. ಯಾರೂ ಹೊರಿಸಿರಲಿಲ್ಲ.

ಕೂಟ ನಡೆಯುತ್ತಿದ್ದದ್ದು ಬಲ್ಮಠದಲ್ಲಿ, ನನ್ನ ಹೆಂಡತಿ ವಸಂತಿಯ ಅಣ್ಣ ವಿಠಲ ಭಾವನ ಹೋಟೆಲಿನ ಉಪ್ಪರಿಗೆಯಲ್ಲಿ. ಅದನ್ನು ಹುಟ್ಟುಹಾಕಿದವರು ಕೇಶವ ಭಟ್ಟರು. ದೇವಸ್ಥಾನದ ಅರ್ಚಕರ ಮನೆತನದವರಾದರೂ ಪೂಜೆಯನ್ನು ತಮ್ಮನಿಗೆ ಬಿಟ್ಟು, ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಪ್ರತಿ ಶನಿವಾರ ಸಂಜೆ ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಕೊಡೆ ಹಿಡಿದು, ಕದ್ರಿಯಿಂದ ನಡೆದೇ ಬರುತ್ತಿದ್ದರು. ಉಳಿದ ದಿನಗಳೆಲ್ಲ ಅವರ ಪಾಲಿಗೆ ಶನಿವಾರದ ತಯಾರಿ ಮಾತ್ರ. ಜೀವ, ಜಗತ್ತು, ನಕ್ಷತ್ರ, ನ್ಯಾಯ ಎಂದು ಅವರು ಮಾತಾಡುವಾಗ ನಾನು ಬಾಯಿ ತೆರೆದು ಕೇಳುತ್ತಿದ್ದೆ. ಇಷ್ಟೆಲ್ಲ ಒಂದು ತಲೆಯೊಳಗೆ ಹೇಗೆ ಹಿಡಿಸಿತು ಎಂಬುದೇ ನನಗೆ ಬೆರಗು.

ಆದರೆ ಕೇಳುವವರು ಉದುರುತ್ತಾ ಹೋದರು. ಆಗ ಎಂಬತ್ತರ ದಶಕದ ಆರಂಭ. ಟಿ.ವಿ. ಇನ್ನೂ ನಮ್ಮೂರಿಗೆ ಕಾಲಿಟ್ಟಿರಲಿಲ್ಲ, ಆದ್ದರಿಂದ ಅದರ ಮೇಲೆ ತಪ್ಪು ಹೊರಿಸುವ ಅನುಕೂಲವೂ ಇರಲಿಲ್ಲ. ಕೊನೆಗೆ ಉಳಿದವರು ಭಟ್ಟರು, ನಾನು, ಮತ್ತು ಫ್ಯಾನಿನ ಅಡಿಯಲ್ಲಿ ನಿದ್ದೆ ಮಾಡಲು ಬರುತ್ತಿದ್ದ ಒಬ್ಬ ವಕೀಲರು.

ಒಂದು ದಿನ ಭಾವ ನನ್ನನ್ನು ಗಲ್ಲಾದ ಹತ್ತಿರ ಕರೆದರು. ಉಪ್ಪರಿಗೆಯನ್ನು ಫ್ಯಾಮಿಲಿ ರೂಮ್ ಮಾಡುವುದೆಂದು ತೀರ್ಮಾನಿಸಿದ್ದರು. ಬಾಲ್ಯದಲ್ಲಿ ಲೆಕ್ಕ ಕಲಿಸಿದ ಮಾಷ್ಟ್ರಿಗೆ ಅದನ್ನು ಹೇಳುವ ಧೈರ್ಯ ಮಾತ್ರ ಅವರಿಗಿರಲಿಲ್ಲ. ನಾನೇ ಹೇಳಬೇಕಂತೆ. ನಾನು ಹೇಳುವುದಿಲ್ಲ ಎಂದೆ. ಹಾಗಾದರೆ ಈ ತಿಂಗಳೊಳಗೆ ಒಂದು ಶನಿವಾರವಾದರೂ ಉಪ್ಪರಿಗೆ ತುಂಬಿದ್ದನ್ನು ತೋರಿಸು, ಕೋಣೆಯ ಸುದ್ದಿಗೆ ಬರುವುದಿಲ್ಲ ಎಂದರು ಭಾವ. ನಾನು ನಕ್ಕುಬಿಟ್ಟೆ. ಒಂದು ತಿಂಗಳು ಯಾಕೆ, ಒಂದು ವಾರ ಸಾಕು ಎಂದೆ.

ಮನೆಗೆ ಬಂದು ವಸಂತಿಗೆ ಈ ಪ್ರತಿಜ್ಞೆಯನ್ನು ವಿವರಿಸಿದೆ. ಅವಳು ಮೀನಿಗೆ ಮಸಾಲೆ ಹಚ್ಚುತ್ತಾ ಪೂರ್ತಿ ಕೇಳಿದಳು. ಕಳೆದ ಮಳೆಗಾಲದಲ್ಲಿ ನಮ್ಮ ಮಾಡಿನ ಹಂಚು ಸರಿಮಾಡುವುದನ್ನೂ ನಾನು ಇದೇ ಸ್ವರದಲ್ಲಿ ಒಪ್ಪಿಕೊಂಡಿದ್ದೆ ಎಂದಷ್ಟೇ ಹೇಳಿದಳು.

ಮೊದಲ ಕೆಲಸವೆಂದರೆ ಪೋಸ್ಟರು. ಒಕ್ಕಣೆಯನ್ನು ನಾನೇ ಬರೆದೆ. ‘ಬಲ್ಮಠ ಚರ್ಚಾಕೂಟ. ಆತ್ಮಕ್ಕೆ ಆಹಾರ, ಬಳಿಕ ಚಹಾ. ಸರ್ವರಿಗೂ ಸುಸ್ವಾಗತ.’ ಅಡಿಯಲ್ಲಿ ದಿನ, ಹೊತ್ತು, ವಿಳಾಸ. ಪ್ರೆಸ್ಸಿನವರು, ನೀವು ಹೇಳಿದಷ್ಟು ದೊಡ್ಡ ಅಕ್ಷರ ಹಾಕಿದರೆ ಹೆಸರು ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ ಎಂದರು. ಅಕ್ಷರ ಸಣ್ಣದು ಮಾಡಲು ನನ್ನ ಸ್ವಾಭಿಮಾನ ಒಪ್ಪಲಿಲ್ಲ. ಒಡೆದು ಹಾಕಿ ಎಂದೆ. ಅವರು ಒಡೆದು ಹಾಕಿದರು. ಮೇಲೆ ಆನೆಯಷ್ಟು ದೊಡ್ಡದಾಗಿ ‘ಬಲ್ಮಠ ಚರ್ಚಾ’, ಕೆಳಗೆ ಉಳಿದ ಜಾಗದಲ್ಲಿ ಇಲಿಯಷ್ಟು ‘ಕೂಟ’. ನೋಡಿ ನಾನು ಹಿಗ್ಗಿದೆ. ನಂತೂರಿನ ಬಸ್‌ಸ್ಟಾಪಿನಲ್ಲಿ ಅಂಟಿಸಿದ್ದರ ಮೇಲೆ ಮರುದಿನವೇ ಸಿನಿಮಾ ಪೋಸ್ಟರು ಬಂದು ಕುಳಿತಿತು. ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿನ ಕ್ಷೇತ್ರಕ್ಕೆ ಹೋಗುವವರು ಬಸ್ಸಿಳಿಯುವಲ್ಲಿ ಅಂಟಿಸಿದ್ದು ಮಾತ್ರ ಗಟ್ಟಿಯಾಗಿ ನಿಂತಿತು.

ಶನಿವಾರ ಮೆಟ್ಟಿಲಿನ ಮೇಲೆ ಹೆಜ್ಜೆಯ ಸಪ್ಪಳ ಕೇಳಿದಾಗ ನನ್ನ ಎದೆ ಉಬ್ಬಿತು. ತಲೆಗೆ ಸೆರಗು ಹೊದ್ದ ಮೂವರು ಹೆಂಗಸರು ಮೇಲೆ ಬಂದರು. ಕೈಯಲ್ಲಿ ಜಪಮಾಲೆ. ಎಲ್ಲರಿಗಿಂತ ಹಿರಿಯರಾದ ಸಿಸಿಲಿ ಬಾಯಿ ಸುತ್ತಲೂ ನೋಡಿದರು. ನಿದ್ದೆಯಲ್ಲಿದ್ದ ವಕೀಲರನ್ನು ನೋಡಿದರು, ಹಣೆಯ ಮೇಲೆ ಗಂಧ ಇಟ್ಟುಕೊಂಡ ಭಟ್ಟರನ್ನು ಇನ್ನಷ್ಟು ಹೊತ್ತು ನೋಡಿದರು. ಬಳಿಕ ಮೆಲ್ಲನೆ ಕೇಳಿದರು:

“ಫಾದರ್ ಇನ್ನೂ ಬರ್ಲಿಲ್ವಾ?”

ಚರ್ಚಾ ಎಂಬುದನ್ನು ಅವರು ಚರ್ಚು ಎಂದು ಓದಿದ್ದು ನನಗೆ ಆಗ ಹೊಳೆಯಿತು. ಆತ್ಮಕ್ಕೆ ಆಹಾರ ಎಂದು ಬರೆದು ಉಳಿದ ಅನುಮಾನವನ್ನೂ ನಾನೇ ನಿವಾರಿಸಿದ್ದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಭಟ್ಟರು ಮಾತ್ರ ಎದ್ದು ನಿಂತು ಕೈಮುಗಿದು, ಫಾದರ್ ಇಲ್ಲ, ನಾನೊಬ್ಬ ಮಾಷ್ಟ್ರು ಇದ್ದೇನೆ, ದಣಿದು ಬಂದಿದ್ದೀರಿ, ಕೂತು ಚಹಾ ಕುಡಿದು ಹೋಗಿ ಎಂದರು. ಹಾಗೆಯೇ ಇಳಿದುಹೋಗುವುದು ಮರ್ಯಾದೆಯಲ್ಲವೆಂದು ಆ ಮೂವರು ಕುಳಿತರು.

ಅಂದಿನ ವಿಷಯ, ಮನುಷ್ಯನಿಗೆ ಸ್ವಂತ ಇಚ್ಛೆ ಎಂಬುದುಂಟೇ ಎಂದು. ಭಟ್ಟರು ವಾದ, ಪ್ರತಿವಾದ ಎರಡನ್ನೂ ತಾವೇ ಮಂಡಿಸಿ, ಎಂದಿನಂತೆ, ಯಾರಾದರೂ ಏನಾದರೂ ಹೇಳುವುದುಂಟೇ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಬಂದು ವರ್ಷಗಳೇ ಆಗಿದ್ದವು. ಸಿಸಿಲಿ ಬಾಯಿ ಕೈ ಎತ್ತಿದರು.

“ನಾನು ಬಸ್ಸಿಳಿದದ್ದು ಪ್ರಾರ್ಥನೆಗೆ ಅಂತ ಮಾಷ್ಟ್ರೇ. ಕೂತದ್ದು ಇಲ್ಲಿ. ಇದು ನನ್ನ ಇಚ್ಛೆಯಾ, ಅವನದ್ದಾ?”

ಅವನದ್ದಾ ಎನ್ನುವಾಗ ಬೆರಳು ಮಾಡಿನತ್ತ ಹೋಗಿತ್ತು. ಭಟ್ಟರ ಕಣ್ಣು ತುಂಬಿತ್ತು. ಇಂಥ ಪ್ರಶ್ನೆಗಾಗಿಯೇ ತಾನು ಇಷ್ಟು ವರ್ಷ ಮೆಟ್ಟಿಲು ಹತ್ತಿದ್ದು ಎಂದರು. ವಕೀಲರೂ ಎಚ್ಚರಗೊಂಡಿದ್ದರು. ನನ್ನ ತಪ್ಪಿನಿಂದ ಬಂದವರು ನನ್ನ ಪ್ರಯತ್ನದಿಂದ ಬಂದವರಂತೆ ತೋರಿದ್ದರಿಂದ ನಾನು ವಿನಯದಿಂದ ತಲೆ ಬಾಗಿಸಿದೆ.

ಆದರೂ ಉಪ್ಪರಿಗೆ ತುಂಬಿರಲಿಲ್ಲ. ಎರಡನೆಯ ಶನಿವಾರಕ್ಕೆ ನಾನು ಗೋಳಿಬಜೆಯ ಆಸರೆ ಪಡೆದೆ. ಚರ್ಚೆಗೆ ಬಂದವರಿಗೆ ಬಿಸಿ ಗೋಳಿಬಜೆ, ತೆಂಗಿನಕಾಯಿ ಚಟ್ನಿ, ಪುಕ್ಕಟೆ ಎಂದು ಹೋಟೆಲಿನ ಬಾಗಿಲಲ್ಲೇ ಬೋರ್ಡು ಇಟ್ಟೆ. ಜನ ಬಂದರು. ಬಂದರೆಂದರೆ ಹೊರಗಿನಿಂದಲ್ಲ. ಕೆಳಗೆ ದುಡ್ಡು ಕೊಟ್ಟು ತಿನ್ನಲು ಕುಳಿತಿದ್ದ ಗಿರಾಕಿಗಳೆಲ್ಲ ಬೋರ್ಡು ಓದಿ, ಎದ್ದು ಮೇಲೆ ಬಂದರು. ತಟ್ಟೆ ಖಾಲಿಯಾದ ಕೂಡಲೇ ಆತ್ಮದ ವಿಷಯವನ್ನು ಅರ್ಧದಲ್ಲಿ ಬಿಟ್ಟು ಇಳಿದುಹೋದರು. ಖಾಲಿ ಮೇಜುಗಳ ನಡುವೆ ಒಬ್ಬರೇ ನಿಂತಿದ್ದ ಭಾವ ನನ್ನನ್ನು ನೋಡಿದ ನೋಟವನ್ನು ಬರೆಯಲು ನನ್ನಲ್ಲಿ ಪದಗಳಿಲ್ಲ. ಇದು ತುಂಬಿದ ಲೆಕ್ಕಕ್ಕೆ ಬರುವುದಿಲ್ಲ, ಇವರು ನನ್ನ ಜನ, ನಿನ್ನ ಜನ ಅಲ್ಲ ಎಂದರು.

ಆಗ ನಾನು ನನ್ನ ಕೊನೆಯ ಅಸ್ತ್ರವನ್ನು ತೆಗೆದೆ. ವಿಷಯವನ್ನೇ ಬದಲಿಸಿದೆ. ಆತ್ಮ, ಜಗತ್ತು ಎಲ್ಲ ಒಂದು ವಾರ ವಿಶ್ರಾಂತಿ ಪಡೆಯಲಿ ಎಂದು ಭಟ್ಟರನ್ನು ಒಪ್ಪಿಸಿ ಹೊಸ ವಿಷಯ ಬರೆಸಿದೆ: ‘ಯಕ್ಷಗಾನದಲ್ಲಿ ತೆಂಕುತಿಟ್ಟು ಮೇಲೋ, ಬಡಗುತಿಟ್ಟು ಮೇಲೋ?’

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಬರೆದು ಗೋಡೆಗೆ ಅಂಟಿಸುವುದೆಂದರೆ ಸೀಮೆಎಣ್ಣೆ ಡಬ್ಬದ ಪಕ್ಕ ಬೀಡಿ ಹಚ್ಚಿದಂತೆ. ದಕ್ಷಿಣದ ಕಡೆಯ ಶೈಲಿ ತೆಂಕು, ಉಡುಪಿಯಾಚೆಯದು ಬಡಗು. ಒಂದನ್ನು ಮೆಚ್ಚಿದವನು ಇನ್ನೊಂದನ್ನು ಮನೆಯ ಅಂಗಳಕ್ಕೂ ಬಿಡುವುದಿಲ್ಲ. ಆ ಶನಿವಾರ ಬಂದ ಜನವನ್ನು ನೋಡಿ ನಾನು ನಿಜಕ್ಕೂ ಗಾಬರಿಯಾಗುವಷ್ಟು ಬೆರಗಾದೆ. ಬೆಂಚು ತುಂಬಿತು, ಕಿಟಕಿ ತುಂಬಿತು, ಮೆಟ್ಟಿಲು ತುಂಬಿತು. ಬ್ಯಾಂಕಿನವರು, ಕಾಲೇಜಿನವರು, ಲಾರಿ ಚಾಲಕರು ಎಲ್ಲರೂ ಬಂದಿದ್ದರು. ಸಿಸಿಲಿ ಬಾಯಿಯೂ ಬಂದು ಮುಂದಿನ ಬೆಂಚಿನಲ್ಲಿ ಜಾಗ ಹಿಡಿದಿದ್ದರು. ಇಷ್ಟು ಜನ ಇಷ್ಟು ದಿನ ಎಲ್ಲಿದ್ದರು?

ಚರ್ಚೆ ಬಹಳ ಸಭ್ಯವಾಗಿ ಸಾಗಿತು. ತೆಂಕಿನ ಕುಣಿತದಲ್ಲಿ ಬಲ ಉಂಟು, ಲಾಲಿತ್ಯ ಇಲ್ಲ ಎಂದು ಬಡಗಿನವರೊಬ್ಬರು ಹೇಳುವವರೆಗೆ. ಬ್ಯಾಂಕಿನ ಕ್ಯಾಶಿಯರ್ ರಾಮಯ್ಯ ರೈಗಳು ಎದ್ದರು. ಅವರದ್ದು ಭಾರೀ ದೇಹ. ಪ್ಯಾಂಟಿನ ಕಾಲನ್ನು ಮೊಣಕಾಲವರೆಗೆ ಮಡಚಿ, ಬಾಯಿಮಾತು ಸಾಕು, ತೆಂಕಿನ ದಿಗಿಣವನ್ನು ಕಣ್ಣಿಂದ ನೋಡಿ ಎಂದು ನಡುವಿಗೆ ಬಂದರು. ದಿಗಿಣ ಎಂದರೆ ಗಿರಗಿರನೆ ಸುತ್ತುತ್ತಾ ನೆಲಬಿಟ್ಟು ಹಾರುವ ಕುಣಿತ. ನಾವೆಲ್ಲ ಹಿಂದೆ ಸರಿದೆವು. ಯಾರೋ ಮೇಜಿನ ಮೇಲೆ ಚೆಂಡೆಯ ಪೆಟ್ಟು ಹಾಕಿದರು. ರೈಗಳು ಹಾರಿದರು.

ನಾನು ಈಗಲೂ ಕಣ್ಣು ಮುಚ್ಚಿದರೆ ಅದನ್ನು ಕಾಣಬಲ್ಲೆ. ನೋಟು ಎಣಿಸುವಾಗ ಬೆರಳನ್ನಷ್ಟೇ ಆಡಿಸುವ ಆ ಮನುಷ್ಯ ಗಾಳಿಯಲ್ಲಿ ಬುಗುರಿಯಂತೆ ತಿರುಗಿದರು. ಇಳಿದರು, ಮತ್ತೆ ಏರಿದರು. ಬಡಗಿನವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಉಪ್ಪರಿಗೆಯ ನೆಲ ಮರದ ಹಲಗೆಯದು ಎಂಬುದನ್ನು ನಾವು ಯಾರೂ ಯೋಚಿಸಿರಲಿಲ್ಲ. ಹಲಗೆಗಳ ಸಂದಿನಲ್ಲಿ ಭಾವನ ಅಜ್ಜನ ಕಾಲದಿಂದ ಸೇರಿಕೊಂಡಿದ್ದ ಧೂಳು, ಜೇಡರ ಬಲೆ, ಗೆದ್ದಲಿನ ಮಣ್ಣು ಎಲ್ಲವೂ ರೈಗಳ ಒಂದೊಂದು ಹೆಜ್ಜೆಗೂ ಕೆಳಗೆ ಸುರಿಯಿತು. ಕೆಳಗೆ ಇದ್ದದ್ದು ಸಾಂಬಾರಿನ ದೊಡ್ಡ ಪಾತ್ರೆ.

ಭಾವ ಸೌಟು ಹಿಡಿದುಕೊಂಡೇ ಮೇಲೆ ಬಂದರು. ತಲೆಯ ಮೇಲೆ ಜೇಡರ ಬಲೆ ಇತ್ತು. ಬೈಯಲು ತೆರೆದ ಬಾಯಿ ರೈಗಳನ್ನು ಕಂಡು ಹಾಗೇ ಉಳಿಯಿತು. ಕುಣಿತ ಮುಗಿಯುವವರೆಗೂ ಕದಲದೆ ನಿಂತು ನೋಡಿದರು. ಮುಗಿದ ಮೇಲೆ ನನ್ನತ್ತ ತಿರುಗಿದರು.

“ಜನ ತುಂಬಿಸು ಅಂದದ್ದು ಹೌದು ಮಾರಾಯ. ಕಟ್ಟಡ ಬೀಳಿಸು ಅಂತ ಎಲ್ಲಿ ಹೇಳಿದ್ದೇನೆ?”

ಮರುದಿನ ಉಪ್ಪರಿಗೆಗೆ ಬೀಗ ಬಿತ್ತು. ಭಟ್ಟರಿಗೆ ಸುದ್ದಿ ಹೇಳಲು ನಾನೇ ಕದ್ರಿಗೆ ಹೋದೆ. ಅವರು ಬೈಯಲಿಲ್ಲ. ಕೊಡೆಯನ್ನು ಮೂಲೆಯಲ್ಲಿಟ್ಟು, ಕೂಟ ಎಷ್ಟು ಜೋರಾಗಿ ಸತ್ತಿತು ನೋಡಿ ಶೆಟ್ರೇ, ಬದುಕಿದ್ದಾಗ ಇಷ್ಟು ಜನ ಇರಲಿಲ್ಲ ಎಂದು ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಮನೆಗೆ ಬಂದು ಊಟ ಬೇಡ ಎಂದು ಕುಳಿತೆ.

ವಸಂತಿ ಬಡಿಸಿಯೇ ಬಡಿಸಿದಳು. ಕುಣಿದರಲ್ಲವೇ ಧೂಳು ಬೀಳುವುದು ಎಂದಳು.

“ಕೂತಲ್ಲೇ ವಾದ ಮಾಡುವ ತಾಳಮದ್ದಳೆ ಉಂಟಲ್ಲ. ಅದನ್ನು ಮಾಡಿ. ಅಣ್ಣನಿಗೆ ರಾಜನ ಅರ್ಥ ಹೇಳ್ಲಿಕ್ಕೆ ಕೊಡಿ. ಮದುವೆಗೆ ಮೊದಲು ಅವನಿಗೆ ಅದೇ ಹುಚ್ಚು ಇತ್ತು.”

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಪಾತ್ರಧಾರಿಗಳು ಕುಳಿತು ಆಶುವಾಗಿ ಮಾತಿನಲ್ಲೇ ಯುದ್ಧ ಮಾಡುತ್ತಾರೆ, ಆ ಮಾತಿಗೇ ಅರ್ಥ ಎಂದು ಹೆಸರು. ಇದಕ್ಕಿಂತ ದೊಡ್ಡ ಚರ್ಚೆ ಯಾವುದು? ಇಷ್ಟು ವರ್ಷ ಮಾತಿನ ಹೊಳೆಯ ದಡದಲ್ಲಿ ಕುಳಿತು ನಾನು ನೀರು ಹುಡುಕಿದ್ದೆ.

ರಾಜನ ಪಾತ್ರ ಎಂದ ಕೂಡಲೇ ಭಾವ ಒಂದೇ ಒಂದು ಶನಿವಾರಕ್ಕೆಂದು ಬೀಗ ತೆಗೆದರು. ಪಾಲು ಕೊಡಲೊಪ್ಪದ ರಾಜ, ಸಂಧಾನಕ್ಕೆ ಬರುವ ರಾಯಭಾರಿ, ಇವರಿಬ್ಬರ ಪ್ರಸಂಗ. ರಾಯಭಾರಿ ಭಟ್ಟರು. ಕೂಟದ ಉದ್ಧಾರಕನಾದ ನನಗೂ ಒಂದು ಪಾತ್ರ ಕೊಟ್ಟರು. ದ್ವಾರಪಾಲಕ. ಪ್ರಭು, ರಾಯಭಾರಿ ಬಂದಿದ್ದಾನೆ ಎಂದರೆ ಮುಗಿಯಿತು. ನಾನು ಅದನ್ನು ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ.

ರೈಗಳ ಕುಣಿತದ ಸುದ್ದಿ ಊರಿಡೀ ಹಬ್ಬಿದ್ದರಿಂದ ಜನ ಮತ್ತೆ ತುಂಬಿದ್ದರು. ನನ್ನ ಸರದಿ ಬಂತು. ಎದುರಿಗೆ ಅಷ್ಟೂ ಮುಖಗಳು. ಕನ್ನಡಿಯಲ್ಲಿ ಒಂದೇ ಮುಖ ಇರುತ್ತಿತ್ತು.

“ಪ್ರಭು, ಹೊರಗೆ ಭಟ್ರು ಬಂದಿದ್ದಾರೆ,” ಎಂದೆ.

ಸಭೆ ಗೊಳ್ಳೆಂದಿತು. ಭಾವ ಕಣ್ಣು ಕೂಡ ಮಿಟುಕಿಸಲಿಲ್ಲ. ಗಂಭೀರವಾಗಿ ನನ್ನತ್ತ ತಿರುಗಿದರು.

“ಭಟರು ಬಂದರೆ ಬರಲಿ. ನಮ್ಮಲ್ಲಿಯೂ ಭಟರಿಗೆ ಬರವಿಲ್ಲ. ಬಂದವನು ಸಂಧಾನದ ರಾಯಭಾರಿಯೋ, ಯುದ್ಧದ ಭಟನೋ, ಸರಿಯಾಗಿ ನೋಡಿ ಬಾ.”

ಸಭೆ ಚಪ್ಪಾಳೆ ತಟ್ಟಿತು. ನಾನು ದಂಗಾದೆ. ದಿನವಿಡೀ ‘ಎರಡು ಚಾ, ಒಂದು ಬನ್ಸ್’ ಎಂದು ಮಾತ್ರ ಕೂಗುವ ಈ ಮನುಷ್ಯನೊಳಗೆ ಇಂಥ ರಾಜ ಎಲ್ಲಿ ಅಡಗಿದ್ದ? ಬಳಿಕ ಭಟ್ಟರೂ ಭಾವನೂ ಎದುರೆದುರು ಕುಳಿತು ವಾದಕ್ಕಿಳಿದರು. ಗುರು ಒಂದು ಹೇಳಿದರೆ ಶಿಷ್ಯ ಇನ್ನೊಂದು. ಹೊತ್ತು ಹೋದದ್ದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಭಟ್ಟರು ಸ್ವರ ತಗ್ಗಿಸಿದರು.

“ರಾಜ್ಯ ಬೇಡ, ಊರು ಬೇಡ. ನಾಲ್ಕು ಜನ ಕುಳಿತು ಮಾತಾಡಲು ಒಂದು ಕೋಣೆ ಕೊಡು. ಮಾತು ನಿಂತ ಕಡೆ ಯುದ್ಧ ಹುಟ್ಟುತ್ತದೆ.”

ಸಭೆಗೆ ಅರ್ಥವಾಯಿತು. ಭಾವನ ಕಣ್ಣು ಒಮ್ಮೆ ತೇವವಾದಂತೆ ಕಂಡಿತು. ಆದರೆ ರಾಜ ಸೋಲಬಾರದು.

“ಕೋಣೆ ಕೊಟ್ಟರೆ ಮಾತಾಡುತ್ತೀರಿ. ಮಾತಾಡಿದರೆ ನ್ಯಾಯ ಕೇಳುತ್ತೀರಿ. ನ್ಯಾಯ ಕೇಳಿದರೆ ನನ್ನ ಸಿಂಹಾಸನ ಅಲುಗುತ್ತದೆ. ಕೊಡುವುದಿಲ್ಲ.”

ಆ ಮಾತಿಗೆ ಬಂದ ಚಪ್ಪಾಳೆಗೂ ಕೆಳಗೆ ಸ್ವಲ್ಪ ಧೂಳು ಬಿದ್ದಿರಬೇಕು. ಮಂಗಳ ಹಾಡಿ ಮುಗಿದ ಮೇಲೆ ಭಾವ ಎದ್ದು ಭಟ್ಟರ ಕಾಲು ಮುಟ್ಟಿದರು. ಕೋಣೆ ನಿಮ್ಮದೇ ಮಾಷ್ಟ್ರೇ, ಹಾರುವುದು ಮಾತ್ರ ಬೇಡ ಎಂದರು. ಭಟ್ಟರು ಅವರ ತಲೆಯ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಕೂಟ ಬದುಕಿತು. ಬದುಕಿದ್ದಷ್ಟೇ ಅಲ್ಲ, ಬೆಳೆಯಿತು. ಒಂದು ಶನಿವಾರ ತಾಳಮದ್ದಳೆ, ಮರು ಶನಿವಾರ ಚರ್ಚೆ. ಭಟ್ಟರು ಅಧ್ಯಕ್ಷರು, ಭಾವ ಕಾರ್ಯದರ್ಶಿ. ಸಿಸಿಲಿ ಬಾಯಿ ಪ್ರಶ್ನೆ ಕೇಳುವುದಕ್ಕೆಂದೇ ಬಿಕರ್ನಕಟ್ಟೆಯ ಅರ್ಧ ಬಸ್ಸನ್ನು ಕರೆತರುತ್ತಿದ್ದರು. ನಾನು ತಡವಾಗಿ ಹೋದರೆ ಕುಳಿತುಕೊಳ್ಳಲು ಜಾಗ ಸಿಗುತ್ತಿರಲಿಲ್ಲ.

ಅಂಥ ಒಂದು ಸಂಜೆ ಹಿಂದಿನ ಬೆಂಚಿನ ತುದಿಯಲ್ಲಿ ಅರ್ಧ ಕುಳಿತು, ತುಂಬಿದ ಉಪ್ಪರಿಗೆಯನ್ನು ಬೆರಗಿನಿಂದ ನೋಡುತ್ತಿದ್ದೆ. ಪಕ್ಕದಲ್ಲಿದ್ದವರು ಸೇರಿ ಒಂದು ತಿಂಗಳೂ ಆಗದ ಸದಸ್ಯರು. ನನ್ನ ಮುಖ ನೋಡಿ ಅವರಿಗೆ ಕನಿಕರವಾಯಿತು. ಸ್ವಲ್ಪ ಸರಿದು ಜಾಗ ಕೊಟ್ಟರು.

“ಹೊಸಬರಾ? ಹೆದರಬೇಡಿ. ಮೊದಲು ಸುಮ್ಮನೆ ಕೇಳಿ. ಮಾತಾಡ್ಲಿಕ್ಕೆ ಮೆಲ್ಲ ಬರ್ತದೆ.”

ನಾನು ಅವರಿಗೆ ಉಪಕಾರ ಹೇಳಿ, ಸುಮ್ಮನೆ ಕೇಳತೊಡಗಿದೆ.