ದಪ್ಪ ಚಕ್ರ, ಉದ್ದ ಹಾರ

ನನ್ನ ಬೈಕ್ ನೋಡಿ ಮಾವನವರು "ಸೈಕಲ್ಲಿಗೆ ಇಂಜಿನ್ ಕಟ್ಟಿದ ಹಾಗಿದೆ ಅಳಿಯಂದ್ರೇ" ಎಂದ ದಿನದಿಂದ ನನಗೆ ಆ ಕನಸು ಶುರುವಾಯಿತು. ಗಾಂಧಿ ಬಜಾರಿನ ಮರದ ನೆರಳು. ದಪ್ಪ ದಪ್ಪ ಚಕ್ರದ ಬೈಕು ತೇಲಿಕೊಂಡು ಹೋಗುತ್ತಿದೆ. ಹಿಂದೆ ರೇಷ್ಮೆ ಸೀರೆಯುಟ್ಟ ನನ್ನ ಹೆಂಡತಿ ಪದ್ಮಾ, ಅವಳು ಮುಡಿದ ಮಲ್ಲಿಗೆಯ ಘಮ. ವಿಶ್ವೇಶ್ವರಪುರಂನ ಮನೆ ಗೇಟಿನಲ್ಲಿ ಮಾವನವರು ಬಾಯಿ ಬಿಟ್ಟುಕೊಂಡು ನಿಂತಿದ್ದಾರೆ! ಬ್ಯಾಂಕಿನಲ್ಲಿ ಚೆಕ್ಕಿಗೆ ಸೀಲು ಒತ್ತುವಾಗಲೂ ನನಗೆ ಇದೇ ಕಾಣುತ್ತಿತ್ತು.

ಗ್ಯಾರೇಜಿನ ಸೀನ ನನ್ನ ಸ್ಕೂಲ್ ಗೆಳೆಯ. ಆಯುಧಪೂಜೆಗೆ ಸರಿಯಾಗಿ ಅಂಥ ಎರಡು ಚಕ್ರ ಹುಡುಕಿ ತಂದು, ಹೇಗೋ ತುರುಕಿದ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು ತೂರುವಷ್ಟೂ ಜಾಗವಿರಲಿಲ್ಲ.

"ಉಜ್ಜಲ್ವೇನೋ?"

"ಉಜ್ಜುತ್ತೆ ಗುರು. ಓಡ್ತಾ ಓಡ್ತಾ ಸವೆದು ಸರಿಹೋಗುತ್ತೆ!"

ನಾನು ನಂಬಿದೆ. ಪುಣ್ಯಾತ್ಮ ಅಷ್ಟು ಧೈರ್ಯವಾಗಿ ಹೇಳಿದ!

ಹಬ್ಬದ ದಿನ ಪದ್ಮಾ ಬೈಕಿಗೆ ಒಂದು ಸುತ್ತು ಬಂದಳು.

"ರೀ, ಸೀರೆ ಗಾರ್ಡ್ ಎಲ್ಲಿ?"

"ಚಕ್ರಕ್ಕೆ ಅಡ್ಡ ಬರ್ತಿತ್ತು, ತೆಗೆಸ್ದೆ."

"ಅಂದ್ರೆ ನನಗಿಂತ ನಿಮ್ಗೆ ಆ ಚಕ್ರ ಹೆಚ್ಚು!"

ಬೈದಳೇ ಹೊರತು ಅವಳಿಗೂ ಆಸೆಯಿತ್ತು. ಮದುವೆಯಾದಾಗಿನಿಂದ ತವರಿಗೆ ಆಟೋದಲ್ಲೇ ಹೋಗಿದ್ದವಳು, ಇವತ್ತು ಗಂಡನ ಬೈಕಿನಿಂದ ಅಪ್ಪನ ಮುಂದೆ ಇಳಿಯಬೇಕಿತ್ತು. "ಇಷ್ಟು ದೊಡ್ಡ ಚಕ್ರಕ್ಕೆ ಗಿಡ್ಡ ಹಾರ ಹಾಕಿದ್ರೆ ನೋಡ್ದೋರು ಏನಂದ್ಕೋತಾರೆ?" ಎಂದು ಸೇವಂತಿಗೆ ಹಾರವನ್ನು ಹ್ಯಾಂಡಲ್‌ನಿಂದ ಹಿಂದಿನ ದೀಪದವರೆಗೂ ಇಳಿಬಿಟ್ಟಳು. "ಇನ್ನೂ ಸ್ವಲ್ಪ ಇಳೀಲಿ" ಎಂದವನು ನಾನೇ! ನಿಂಬೆಹಣ್ಣು ಜಜ್ಜಿ ಹೊರಟೆವು. ಬೈಕ್ ಎಷ್ಟು ಎತ್ತರವಾಗಿತ್ತೆಂದರೆ, ಪದ್ಮಾ ಕಾಂಪೌಂಡ್ ಗೋಡೆ ಹತ್ತಿ ಅಲ್ಲಿಂದ ಸೀಟಿಗೆ ಬಂದಳು.

ಆಹಾ, ಗಾಂಧಿ ಬಜಾರು! ಬಾಳೆಕಂದು, ಹೂವಿನ ರಾಶಿ, ಬೂದುಗುಂಬಳ, ಎಲೆಗಳ ಸಂದಿಯಿಂದ ಇಳಿಯುವ ಬಿಸಿಲು. ಭುಜದ ಮೇಲೆ ಅವಳ ಕೈ. "ಚೆನ್ನಾಗಿದೆ ರೀ" ಎಂದಳು ಮೆಲ್ಲಗೆ. ಸ್ವರ್ಗಕ್ಕೆ ಮೂರೇ ಗೇಣು!

ಅಷ್ಟರಲ್ಲಿ ಹಿಂದಿನ ಚಕ್ರ ಹಾರದ ತುದಿ ಕಚ್ಚಿತು. ಸರಸರ ನುಂಗಿತು. ಆ ಬೆರಳು ತೂರದ ಸಂದಿಯಲ್ಲಿ ಹಾರ ಸಿಕ್ಕಿಕೊಂಡು, ಬೈಕು ನಡುರಸ್ತೆಯಲ್ಲಿ ಕಿರ್ರೆಂದು ನಿಂತೇಬಿಟ್ಟಿತು. ಎಳೆದರೆ ಬಾರದು, ತಳ್ಳಿದರೆ ಹೋಗದು.

ಹೂವಿನಾಕೆ ಬಗ್ಗಿ ನೋಡಿದಳು. "ನಮ್ಮಂಗಡಿ ಹಾರಾನೇ ಸ್ವಾಮಿ! ದಾರ ಗಟ್ಟಿ, ಹರಿಯೋದೇ ಇಲ್ಲ" ಎಂದು ಹೆಮ್ಮೆಪಟ್ಟಳು.

ಕೊನೆಗೆ ಕುಂಬಳಕಾಯಿ ಮಾರಿ ಖಾಲಿಯಾಗಿದ್ದ ಒಂದು ತಳ್ಳುಗಾಡಿಯ ಮೇಲೆ ನಾಲ್ಕು ಜನ ಸೇರಿ ಬೈಕನ್ನು ಎತ್ತಿಟ್ಟೆವು.

"ನೀನು ಆಟೋದಲ್ಲಿ ಹೋಗ್ಬಿಡು ಪದ್ಮಾ."

"ಹತ್ತಲ್ಲ! ಬೈಕಲ್ಲೇ ಬರ್ತೀವಿ ಅಂತ ಅಪ್ಪಂಗೆ ಫೋನ್ ಮಾಡಿದೀನಿ. ಇದರ ಜೊತೇಲೇ ಹೋಗ್ತೀನಿ."

ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿ, ಬೈಕನ್ನು ಹಿಡಿದು ಕೂತೇಬಿಟ್ಟಳು. ಗಾಡಿಯವನು ಮುಂದೆ ಎಳೆದ, ನಾನು ಹಿಂದೆ ತಳ್ಳಿದೆ. ಯಾವುದೋ ಉತ್ಸವವೆಂದು ಒಬ್ಬ ಅಜ್ಜಿ ಕೈಮುಗಿದರು. ನೆರಳು, ರೇಷ್ಮೆ ಸೀರೆ, ಮಲ್ಲಿಗೆ ಘಮ, ಕನಸಿನಲ್ಲಿದ್ದದ್ದೆಲ್ಲ ಇತ್ತು. ನನ್ನ ಜಾಗ ಮಾತ್ರ ಬದಲಾಗಿತ್ತು.

ವಿಶ್ವೇಶ್ವರಪುರಂನ ಗೇಟಿನಲ್ಲಿ ಮಾವನವರು ನಿಜಕ್ಕೂ ಬಾಯಿ ಬಿಟ್ಟುಕೊಂಡೇ ನಿಂತಿದ್ದರು. ಮಗಳನ್ನು ಕೈಹಿಡಿದು ಇಳಿಸಿಕೊಂಡರು. ತಳ್ಳುಗಾಡಿಯನ್ನು ಒಮ್ಮೆ ತಟ್ಟಿ ನೋಡಿದರು.

"ಗಾಡಿ ಚೆನ್ನಾಗಿದೆ ಅಳಿಯಂದ್ರೇ. ಆದ್ರೆ ಮೇಲೆ ಆ ಬೈಕ್ ಯಾಕೆ ಹೇರ್ಕೊಂಡು ಬಂದ್ರಿ?"