ತಳ್ಳುವವರಿರುವ ವಾಹನ

ಚಾರ್ಜು ಇರುವ ಕಾರಿಗೆ ಚಾರ್ಜು ಬೇಕಾಗುವುದಿಲ್ಲ ಎಂಬುದು ಊರಿನ ಚಾರ್ಜಿಂಗ್ ಕೇಂದ್ರವು ಕೂಲಂಕಷವಾಗಿ ಪರಿಶೀಲಿಸಿ ಕಂಡುಕೊಂಡ ಸತ್ಯ. ಸಾರ್ವಜನಿಕರ ತಿಳಿವಳಿಕೆಗಾಗಿ ಇದನ್ನು ಬಾಗಿಲ ಪಕ್ಕದ ಹಸಿರು ಹಲಗೆಯಲ್ಲಿ ಬರೆಸಲಾಗಿತ್ತು: "ಸ್ವಂತ ಶಕ್ತಿಯಿಂದ ಇಲ್ಲಿಯವರೆಗೆ ಬಂದ ವಾಹನವನ್ನು ಅಗತ್ಯವುಳ್ಳ ವಾಹನವೆಂದು ಪರಿಗಣಿಸಲಾಗುವುದಿಲ್ಲ. ಸಹಕರಿಸಿ."

ಕನ್ನಡಕದಂಗಡಿಯವನು ಕಾರು ಕೊಳ್ಳುವ ಮುಂಚೆ ಈ ಹಲಗೆ ಓದಿರಲಿಲ್ಲ. ಊರಿನವರ ಕಣ್ಣಿಗೆಲ್ಲ ಗಾಜು ಕೂರಿಸುವವನೇ ಓದಲಿಲ್ಲ ಅಂದರೆ ದೀಪದ ಬುಡದಲ್ಲಿ ಕತ್ತಲೆ ಅನ್ನದೆ ಇನ್ನೇನು ಅನ್ನೋಣ! ಪಾಪ, ಅವನ ತಲೆಯಲ್ಲಿದ್ದದ್ದು ಒಂದೇ. ಅಕ್ಕನಿಗೆ ಮಂಡಿಯ ಆಪರೇಷನ್ ಆಗಿತ್ತು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೀದಿ ಬೀದಿ ತಿರುಗಿದವಳು ಆ ಅಕ್ಕ. ಅವಳ ಮಂಡಿ ಸವೆದದ್ದರಲ್ಲಿ ತನ್ನದೂ ಪಾಲಿದೆ ಅಂತ ಅವನಿಗೆ ಒಳಗೊಳಗೇ ಸಂಕಟ. ಅದಕ್ಕೇ ಮಾತು ಕೊಟ್ಟಿದ್ದ: "ಆಸ್ಪತ್ರೆಯಿಂದ ನಿನ್ನನ್ನ ನಮ್ಮದೇ ಕಾರಲ್ಲಿ, ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಬರ್ತೀನಿ ಅಕ್ಕ."

ಷೋರೂಮಿನ ಟೈಯವನು ಕಾರಿನ ಗುಣಗಾನ ಮಾಡಿದ್ದೇ ಮಾಡಿದ್ದು. ಹೊಗೆ ಇಲ್ಲ, ಸದ್ದಿಲ್ಲ, ಎಂಜಿನ್ನೇ ಇಲ್ಲ.

"ಚಾರ್ಜಾದರೂ ಇದೆಯೇನಪ್ಪ?"

"ಮನೆಗೆ ಹೋಗೋವಷ್ಟು ಇದೆ ಸಾರ್. ಆಮೇಲಿಂದು ನಿಮ್ಮ ಸ್ವಾತಂತ್ರ್ಯ."

ಮನೆಯಲ್ಲೇ ಚಾರ್ಜು ಮಾಡಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರು ಬಂದು ಗೋಡೆ ನೋಡಿ ತಲೆಯಾಡಿಸಿದರೆ ಸಾಕಿತ್ತು. ಇನ್ಸ್‌ಪೆಕ್ಟರು ಇಲಾಖೆಯ ಕಾರಿನಲ್ಲೇ ಬರಬೇಕೆಂಬುದು ನಿಯಮ. ಇಲಾಖೆಯ ಕಾರೂ ವಿದ್ಯುತ್ತಿನದೇ. ಅದು ಬಹಳ ದಿನಗಳಿಂದ ಚಾರ್ಜಿಂಗ್ ಕೇಂದ್ರದ ಸಾಲಿನಲ್ಲಿ ನಿಂತಿದ್ದು, ಅದರ ಕೆಳಗೆ ಬೆಕ್ಕೊಂದು ಮರಿ ಹಾಕಿ ಸಂಸಾರ ಹೂಡಿತ್ತು.

ಅಕ್ಕ ಮನೆಗೆ ಬರುವ ಹಿಂದಿನ ದಿನ ಕನ್ನಡಕದವನು ಕೇಂದ್ರಕ್ಕೆ ಹೋದ. ಅಲ್ಲಿನ ಅಧಿಕಾರಿ ಬಹಳ ಸಜ್ಜನರು. ಅವನನ್ನು ಕಂಡೊಡನೆ ಅವರ ಮುಖ ಬಾಡಿತು.

"ಓಡಿಸ್ಕೊಂಡೇ ಬಂದ್ರಾ?"

"ಹೂಂ ಸಾರ್."

"ಹೊಟ್ಟೆ ತುಂಬಿದವರಿಗೇ ಬಡಿಸ್ತಾ ಕೂತ್ರೆ ಹಸಿದವರ ಗತಿ ಏನು, ನೀವೇ ಹೇಳಿ? ಪೂರ್ತಿ ಖಾಲಿಯಾದ್ಮೇಲೆ ಬನ್ನಿ."

"ಖಾಲಿಯಾದ್ಮೇಲೆ ಹೇಗೆ ಸಾರ್ ಬರೋದು?"

"ಅದು ಸಾರಿಗೆ ಇಲಾಖೆಗೆ ಸಂಬಂಧಪಟ್ಟ ಪ್ರಶ್ನೆ."

ಸರಿ. ಕಾರನ್ನು ಕೇಂದ್ರದ ಕಾಂಪೌಂಡಿನಾಚೆ ನಿಲ್ಲಿಸಿ, ಏಸಿ, ದೀಪ, ವೈಪರು, ರೇಡಿಯೊ ಎಲ್ಲ ಹಾಕಿಕೊಂಡು ಕೂತ. ರಣಬಿಸಿಲಿನಲ್ಲಿ ವೈಪರು ಆಡಿಸುತ್ತಿದ್ದವನನ್ನು ಯಾರೂ ವಿಚಿತ್ರವಾಗಿ ನೋಡಲಿಲ್ಲ; ಅಕ್ಕಪಕ್ಕದ ಕಾರುಗಳಲ್ಲೂ ಅದೇ ಕಾರ್ಯ ಶಿಸ್ತಿನಿಂದ ಸಾಗಿತ್ತು. ಒಬ್ಬ ಹಿರಿಯರಂತೂ ಹಾರನ್ನಿನ ಮೇಲೆ ಮೊಣಕೈ ಊರಿಕೊಂಡು ಪತ್ರಿಕೆ ಓದುತ್ತಿದ್ದರು. ಸಂಜೆ ಕಾರು ಕಣ್ಣು ಮುಚ್ಚಿತು, ಕೇಂದ್ರವೂ ಬಾಗಿಲು ಮುಚ್ಚಿತು.

ಮಾರನೆಯ ಬೆಳಿಗ್ಗೆ ಅವನು ಪಕ್ಕದ ಕಾರುಗಳವರಿಗೆಲ್ಲ ಕೈಮುಗಿದು, ಕಾರನ್ನು ತಳ್ಳಿಸಿಕೊಂಡು ಒಳಗೆ ಹೋದ. ಅಧಿಕಾರಿ ಒಮ್ಮೆ ಪ್ರದಕ್ಷಿಣೆ ಬಂದು, "ಭೇಷ್! ಖಾಲಿ ಅಂದ್ರೆ ಹೀಗಿರಬೇಕು" ಅಂದರು. ಆಮೇಲೆ ಅವರ ದೃಷ್ಟಿ ಹಿಂದೆ ನಿಂತು ಬೆವರೊರೆಸಿಕೊಳ್ಳುತ್ತಿದ್ದವರ ಮೇಲೆ ಬಿತ್ತು.

"ಇವರೆಲ್ಲ ಯಾರು?"

"ತಳ್ಳೋಕೆ ಬಂದವರು ಸಾರ್."

"ಅಯ್ಯೋ, ಎಂಥ ಕೆಲಸ ಮಾಡಿದ್ರಿ!" ಅಂತ ಅವರು ನಿಯಮವನ್ನು ಬಾಯಿಪಾಠ ಒಪ್ಪಿಸಿದರು. "ತಳ್ಳುವವರಿರುವ ವಾಹನವು ಪರ್ಯಾಯ ಶಕ್ತಿಯಿಂದ ಚಲಿಸುವ ವಾಹನ. ಸದರಿ ವಾಹನಕ್ಕೆ ವಿದ್ಯುತ್ತು ನೀಡುವುದು ಅಪವ್ಯಯ."

"ಹಂಗಾದ್ರೆ ಇನ್ಯಾರಿಗೆ ಸಾರ್ ಕೊಡ್ತೀರಿ ನೀವು?"

"ಇಲ್ಲೀವರೆಗೆ ಒಂದು ಸಲವೂ ದುರುಪಯೋಗ ಆಗೋಕೆ ಬಿಟ್ಟಿಲ್ಲ" ಅಂತ ಅಧಿಕಾರಿ ಹೆಮ್ಮೆಯಿಂದ ಯಂತ್ರದ ಕಡೆ ಕೈ ತೋರಿಸಿದರು. ಅದರ ಕೇಬಲ್ಲಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ.

ಕನ್ನಡಕದವನಿಗೆ ಅಳುವೇ ಬಂತು. ತಳ್ಳುವವರು ಕನಿಕರಪಟ್ಟು ಕಾರನ್ನು ಪಕ್ಕದಲ್ಲೇ ಇದ್ದ ಆಸ್ಪತ್ರೆಯ ಗೇಟಿನವರೆಗೆ ಮುಟ್ಟಿಸಿ, ತಂತಮ್ಮ ಕಾರು ಖಾಲಿ ಮಾಡಿಕೊಳ್ಳಲು ವಾಪಸಾದರು.

ಅಕ್ಕ ವಾಕರ್ ಹಿಡಿದು ನಿಧಾನವಾಗಿ ಗೇಟಿಗೆ ಬಂದಳು. ಕಾವಲಿನವನು ವಿನಯದಿಂದ ವಾಕರ್ ಕಿತ್ತುಕೊಂಡ. "ಇದು ಆಸ್ಪತ್ರೆ ಆಸ್ತಿ ಅಮ್ಮ. ಗೇಟಿನಾಚೆ ನಿಮ್ಮ ಕಾಲು ನಿಮ್ಮದು."

ಕನ್ನಡಕದವನು ನಡೆದದ್ದನ್ನೆಲ್ಲ ತಲೆ ತಗ್ಗಿಸಿಕೊಂಡೇ ಹೇಳಿದ. "ಮುಂದಿನ ಸೀಟಲ್ಲಿ ಕೂರಿಸ್ತೀನಿ ಅಂದಿದ್ದೆ ಅಕ್ಕ. ಕೆಲಸಕ್ಕೆ ಬಾರದವನು ನಾನು."

ಅಕ್ಕ ಬೈಯಲಿಲ್ಲ. ಗೋಡೆ ಹಿಡಿದು ಕಾರಿನ ಹಿಂದಕ್ಕೆ ಹೋಗಿ ಡಿಕ್ಕಿಯ ಮೇಲೆ ಎರಡೂ ಕೈ ಊರಿ ನೋಡಿದಳು.

"ಗಟ್ಟಿಯಾಗಿದೆ ಕಣೋ. ಡಾಕ್ಟರು ದಿನಾ ಏನಾದ್ರೂ ಹಿಡ್ಕೊಂಡು ನಡೀರಿ ಅಂದಿದಾರೆ. ಮನೆ ತನಕ ಇಳಿಜಾರು ತಾನೇ? ಹತ್ತಿ ಕೂತ್ಕೋ ಗುಂಡ. ಬ್ರೇಕ್ ಮೇಲಿಂದ ಕಾಲು ತೆಗೀಬೇಡ."

ಕಾರು ಉರುಳಿತು. ಅಕ್ಕ ಒಂದು ಹೆಜ್ಜೆ ಇಟ್ಟರೆ ಅಷ್ಟೇ ಉರುಳುವಂತೆ, ಅವಳು ನಿಂತರೆ ನಿಲ್ಲುವಂತೆ, ತಮ್ಮನು ಕನ್ನಡಿಯಲ್ಲಿ ಅವಳ ಮುಖ ನೋಡುತ್ತಾ ಬ್ರೇಕ್ ಒತ್ತುತ್ತಾ ಬಂದ. ಕೇಂದ್ರದ ಅಧಿಕಾರಿ ಬಾಗಿಲಿಗೆ ಬಂದು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ಇಂಥದ್ದೊಂದು ವಾಹನಕ್ಕಾಗಿಯೇ ಇಲಾಖೆ ಕಾಯುತ್ತಿತ್ತು.

ಅನಂತರದ ಬೆಳವಣಿಗೆಗಳು ಎಲ್ಲರಿಗೂ ಗೊತ್ತಿರುವಂಥವೇ. ವಿದ್ಯುತ್ತನ್ನೇ ಬಳಸದ ವಿದ್ಯುತ್ ವಾಹನವೆಂದು ಕನ್ನಡಕದವನ ಕಾರಿಗೆ ಪ್ರಶಸ್ತಿ ಬಂತು. ಷೋರೂಮಿನವರು ಹಿಂಬದಿಗೆ ಹಿಡಿಕೆ ಇರುವ ಹೊಸ ಮಾದರಿ ತಂದರು. ಆಸ್ಪತ್ರೆ ವಾಕರುಗಳನ್ನೆಲ್ಲ ಗುಜರಿಗೆ ಹಾಕಿ, ಮಂಡಿ ವಾರ್ಡಿಗೆ ಆ ಕಾರನ್ನೇ ಕೊಂಡಿತು. ಏರಿನ ಮೇಲೆ ಮನೆ ಇರುವವರ ಬಗ್ಗೆ ಸಮಿತಿಯೊಂದು ಚಿಂತಿಸುತ್ತಿದೆ.

ಈಗ ದಿನಾ ಸಂಜೆ ನೆರೆಹೊರೆಯವರು ಕಾರನ್ನು ಬೀದಿಯ ಮೇಲ್ತುದಿಗೆ ತಳ್ಳಿ ಕೊಡುತ್ತಾರೆ, ಅಕ್ಕ ಅದನ್ನು ಇಳಿಸಿಕೊಂಡು ಬರುತ್ತಾಳೆ. ಮೊನ್ನೆ ತಮ್ಮನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ: "ಸುಸ್ತಾಯ್ತಾ ಅಕ್ಕ?"

"ಸುಮ್ನೆ ಕೂತ್ಕೊಳೋ. ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗ್ತಿದ್ದಾಗ ನಿನಗೆ ಬ್ರೇಕೂ ಇರಲಿಲ್ಲ."